ಬೇರಿಯಂ ಕುಡಿಸಿ ತೆಗೆದ ಹೊಟ್ಟೆಯ ಚಿತ್ರ

ಮೊನ್ನೆ ಎಂಆರ್‌ಐ ಮಾಡುವಾಗ ನನ್ನ ಕೈಗೆ ಒಂದು ಔಷಧಿ ಚುಚ್ಚಿದರು. ಅದು ಒಳಗೆ ಹೋದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ ಎಂದು ನೀವು ಹೇಳಿದಿರಿ, ಮಕ್ಕಳೇ. ನನಗೆ ನಿಮ್ಮ ತಾತ ಕುಡಿದ ಬೇರಿಯಂ ನೆನಪಾಯಿತು.

ಎಪ್ಪತ್ತರ ದಶಕದ ಕೊನೆ, ಜಯನಗರದಲ್ಲಿ ಬಾಡಿಗೆಗಿದ್ದೆವು. ತಾತನಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ಸೊರಗಿ ಹೋಗಿದ್ದರು, ಷರಟು ಜೋತಾಡುತ್ತಿತ್ತು. ಡಾಕ್ಟರು ಎಕ್ಸ್‌ರೇಗೆ ಬರೆದುಕೊಟ್ಟರು. ಬರೀ ಎಕ್ಸ್‌ರೇಯಲ್ಲಿ ಜಠರ ಸರಿಯಾಗಿ ಕಾಣುವುದಿಲ್ಲವಂತೆ. ಕಲಸಿದ ಸುಣ್ಣದಂಥ ಬೇರಿಯಂ ಕುಡಿಸಿದರೆ ಅದು ಒಳಗೋಡೆಗೆ ಬಳಿದುಕೊಂಡು ಆಕಾರ ತೋರಿಸುತ್ತದಂತೆ. ರಾತ್ರಿಯಿಂದ ಏನೂ ತಿನ್ನಬಾರದು ಎಂದಿದ್ದರು.

ಬೆಳಿಗ್ಗೆ ತಾತ ನೋವಿಗೆ ಮುದುರಿ ಕೂತಿದ್ದರು. ಏನಾದರೂ ತಿಂದರೆ ಆ ನೋವು ಇಳಿಯುತ್ತಿತ್ತು. ನೋಡಲಾಗದೆ ಚಿಕ್ಕದೊಂದು ರಾಗಿಮುದ್ದೆ ಕಟ್ಟಿಕೊಟ್ಟೆ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ನಾಲ್ಕು ತುತ್ತು ನುಂಗಿದರು.

"ಏನಾದ್ರೂ ತಿಂದಿದೀರಾ?" ಎಂದು ಎಕ್ಸ್‌ರೇ ಡಾಕ್ಟರು ಕೇಳಿದರು.

"ಇಲ್ಲ ಸಾರ್" ಅಂದುಬಿಟ್ಟರು ನಿಮ್ಮ ತಾತ.

ಬೇರಿಯಂ ಕುಡಿಸಿ ಚಿತ್ರ ತೆಗೆದು, ಮಧ್ಯಾಹ್ನ ಇಬ್ಬರನ್ನೂ ಒಳಗೆ ಕರೆದರು. ಡಾಕ್ಟರು ಫಿಲಂ ಬೆಳಕಿಗೆ ಹಿಡಿದರು. ಬೆಳ್ಳಗಿನ ಚೀಲದಂಥ ಜಠರದೊಳಗೆ ದುಂಡು ದುಂಡು ಕಪ್ಪು ನೆರಳು.

"ಗೆಡ್ಡೆ ಇದ್ದಂಗಿದೆ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ. ಆಪರೇಷನ್ ಬೇಕಾಗ್ಬಹುದು."

ನಾನೂ ಬಗ್ಗಿ ಆ ನೆರಳುಗಳನ್ನು ನೋಡಿದೆ. ಮತ್ತೆ ನೋಡಿದೆ. ತುತ್ತಿನ ಗಾತ್ರ ನನಗೆ ಗೊತ್ತಿಲ್ಲವೇ? ಆದರೆ ಹಳ್ಳಿ ಶಾಲೆಯಲ್ಲಿ ಓದಿದ ನಾನು ಅಲ್ಲಿಯವರೆಗೆ ಯಾವ ಡಾಕ್ಟರ ಎದುರಿಗೂ ಬಾಯಿ ಬಿಟ್ಟವಳಲ್ಲ. ನಿಮ್ಮ ತಾತನ ಮುಖ ನೋಡಿದೆ, ನೆಲ ನೋಡುತ್ತಿದ್ದರು. ಸೆರಗು ಬಿಗಿಹಿಡಿದೆ.

"ಸಾರ್, ಅದು ಮುದ್ದೆ."

"ಏನಮ್ಮಾ?"

"ಬೆಳಿಗ್ಗೆ ನಾನೇ ಕೊಟ್ಟೆ. ನಾಲ್ಕು ತುತ್ತು."

ಡಾಕ್ಟರು ಫಿಲಂ ನೋಡಿದರು, ಇವರನ್ನು ನೋಡಿದರು. "ಏನ್ರೀ ಯಜಮಾನ್ರೇ, ಮುದ್ದೆಗೆ ಆಪರೇಷನ್ ಮಾಡಿಸ್ಕೊಳ್ತಿದ್ರಲ್ರೀ! ಒಂದು ತುತ್ತಾದ್ರೂ ಅಗೀಬಾರ್ದಾ?"

ವಾರ ಬಿಟ್ಟು ಮತ್ತೆ ಹೋದೆವು, ಈ ಸಲ ನಿಜವಾಗಿಯೂ ಖಾಲಿ ಹೊಟ್ಟೆಯಲ್ಲಿ. "ಇದಕ್ಕಿಂತ ನಿನ್ನ ಸಪ್ಪೆ ಸಾರೇ ವಾಸಿ ಕಣೇ" ಎಂದು ಮುಖ ಕಿವುಚಿಕೊಂಡು ಬೇರಿಯಂ ಕುಡಿದರು. ಗೆಡ್ಡೆ ಇರಲಿಲ್ಲ. ಜಠರ ದಾಟಿದ ಕಡೆ ಸಣ್ಣ ಹುಣ್ಣು, ಮಾತ್ರೆಯಲ್ಲೇ ವಾಸಿಯಾಗುತ್ತದೆ ಅಂದರು.

ಮನೆಗೆ ನಡೆದು ಬರುವಾಗ ಕೇಳಿದೆ. "ಅವತ್ತು ನೀವ್ಯಾಕ್ರೀ ಹೇಳ್ಲಿಲ್ಲ?"

"ಸುಳ್ಳು ಹೇಳ್ಬಿಟ್ಟಿದ್ನಲ್ಲ, ನಾಚ್ಕೆ ಆಯ್ತು."

ಆಮೇಲೆ ಮನೆಯಲ್ಲಿ ಯಾರಿಗೆ ಹುಷಾರು ತಪ್ಪಿದರೂ, ಡಾಕ್ಟರ ಬಾಗಿಲಲ್ಲಿ ನನ್ನನ್ನೇ ಮುಂದೆ ಬಿಟ್ಟು, "ನೀನೇ ಮಾತಾಡು" ಅನ್ನುತ್ತಿದ್ದರು.