ಐದನೆಯವನು ಮೂಗ

ನನ್ನ ತಮ್ಮ ಮಾಂತೇಶನ ಹೆಂಡತಿ ರೇಣುಕಾ ಫೋನಿನಲ್ಲಿ ಬಂದೂಕಿನ ಆಟ ಕಲಿತಳು ಅಂದರೆ ನಮ್ಮ ಹಿಟ್ನಾಳದಲ್ಲಿ ಯಾರೂ ನಂಬಲಿಕ್ಕಿಲ್ಲ. ಕೋಳಿ ಕೊಯ್ಯುವಾಗ ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋಗುವ ಹೆಂಗಸು ಅವಳು. ನಳದ ಮುಂದೆ ಯಾರಾದರೂ ನುಗ್ಗಿದರೆ ಜಗಳವಾಡುವುದು ಬಿಟ್ಟು ತನ್ನ ಕೊಡವನ್ನೇ ಹಿಂದಕ್ಕೆ ಸರಿಸುತ್ತಾಳೆ. ಅದನ್ನು ನೋಡಿ ನನಗೆ ಮೈ ಉರಿಯುತ್ತದೆ. ನಾನು ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ದೊಡ್ಡ ದನಿ ಮಾಡಿಕೊಂಡವಳು, ಅವಳ ಮನೆಯಿಂದ ಎರಡು ಮನೆ ಆಚೆ ಇರುವವಳು. ಅವಳ ಪರವಾಗಿ ಎಷ್ಟೋ ಸಲ ನಾನೇ ಜಗಳ ಕಾದಿದ್ದೇನೆ.

ಅವಳು ಮೊದಲಿನಿಂದ ಹೀಗಿರಲಿಲ್ಲ. ಗಂಗಾವತಿ ಕಡೆಯ ಮರಳಿಯವಳು, ಕಾಲುವೆ ನೀರಿನ ಊರಿಂದ ಬಂದವಳು. ಮದುವೆಯಾದ ಹೊಸತರಲ್ಲಿ ಕನ್ನಡದ ನಡುವೆ ತೆಲುಗು ಕಲಸಿಕೊಂಡು ಬಾಯಿತುಂಬ ಮಾತಾಡುತ್ತಿದ್ದಳು. ಹೆದ್ದಾರಿ ಪಕ್ಕದ ಕಬ್ಬಿಣದ ಕಾರ್ಖಾನೆಯಿಂದ ಪಾಳಿ ಮುಗಿಸಿ, ಕಿವಿಯಲ್ಲೆಲ್ಲ ಕರಿ ಧೂಳು ತುಂಬಿಕೊಂಡು ಬರುವ ಮಾಂತೇಶ ಅವಳ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದ. ನಮ್ಮ ಅಪ್ಪ ಅವ್ವ ಮುಂಚೆಯೇ ತೀರಿಹೋಗಿದ್ದರು. ಆ ಮನೆಯಲ್ಲಿ ಇವರಿಬ್ಬರೇ ಇದ್ದರೂ ನಾಲ್ಕು ಮಂದಿ ಇದ್ದಷ್ಟು ಗದ್ದಲ.

ಎರಡು ಸಾವಿರದ ಇಪ್ಪತ್ತರಲ್ಲಿ ಅವಳಿಗೆ ಏಳು ತಿಂಗಳು ತುಂಬಿದಾಗ ಕೂಸು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ಅಂಥ ಕೂಸಿನ ಮುಖವನ್ನು ತಾಯಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ನೋಡಿದರೆ ಕಣ್ಣಿಂದ ಹೋಗುವುದಿಲ್ಲ, ಮುಂದಿನ ಬಸುರಿಗೂ ಒಳ್ಳೆಯದಲ್ಲ ಅಂತ ನಮ್ಮ ಸೋದರತ್ತೆ ದುರಗಮ್ಮ ಬಟ್ಟೆ ಸುತ್ತಿ ಮಾಂತೇಶನ ಕೈಗೆ ಕೊಟ್ಟಳು. ಅವನೊಬ್ಬನೇ ಒಯ್ದು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ. ಮರುವರ್ಷ ಅತ್ತೆಯೂ ತೀರಿಕೊಂಡಳು. ಆ ಕೂಸಿನ ಮುಖ ಹೇಗಿತ್ತು ಅಂತ ಹೇಳಬಲ್ಲವನು ನಮ್ಮ ಮನೆತನದಲ್ಲಿ ಅವನೊಬ್ಬನೇ ಉಳಿದ.

ರೇಣುಕಾ ಒಂದು ಸಲ ಕೇಳಿದ್ದಳಂತೆ, “ಹೆಂಗಿತ್ರಿ?” ಅಂತ. ಅವನು ಉಣ್ಣುವ ತಾಟು ಬಿಟ್ಟು ಎದ್ದು ಮಾಳಿಗೆ ಹತ್ತಿದ. ಅವಳು ಮತ್ತೆ ಕೇಳಲಿಲ್ಲ. ಆಮೇಲೆ ಆ ಮನೆಯಲ್ಲಿ “ಚಾ”, “ನೀರು”, “ಬಾಗ್ಲ ಹಾಕ್ಕೋ” ಇಷ್ಟೇ ಮಾತು ಉಳಿದವು. ಬಾಣಂತನಕ್ಕೆ ಅಂತ ಹೊಲಿಸಿದ್ದ ಕೌದಿ ಟ್ರಂಕಿನಲ್ಲೇ ಉಳಿಯಿತು.

ಆ ಹೊತ್ತಿಗೆ ಮಾಂತೇಶನಿಗೆ ಫೋನಿನ ಆಟ ಹತ್ತಿತು. ಈ ಕಡೆ ಐದು ಮಂದಿ, ಆ ಕಡೆ ಐದು ಮಂದಿ. ಒಂದು ಕಡೆಯವರು ಬಾಂಬು ಇಡಬೇಕು, ಇನ್ನೊಂದು ಕಡೆಯವರು ತಡೆಯಬೇಕು, ಇಟ್ಟರೆ ಅದನ್ನು ಬಿಚ್ಚಬೇಕು. ಎಲ್ಲರೂ ತಮ್ಮ ತಮ್ಮ ಊರಲ್ಲೇ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತ ಆಡುವುದು. ಇವನ ಜೊತೆಗೆ ಕಾರ್ಖಾನೆಯ ಗೆಳೆಯ ಉಮರಸಾಬ, ಕುಕನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಗೋವಿಂದರಾಜ, ಇನ್ನಿಬ್ಬರು. ಮೊದಲ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದವನು ಉಂಡು ಮಾಳಿಗೆ ಹತ್ತಿದರೆ ದನ ಮನೆಗೆ ಬರುವ ಹೊತ್ತಿಗೆ ಇಳಿಯುತ್ತಿದ್ದ. ಮೇಲೆ ಅವನ ದನಿ ಮೊದಲಿನ ದನಿಯಾಗಿರುತ್ತಿತ್ತು. ಬೈಯುತ್ತಿದ್ದ, ಚಾಷ್ಟಿ ಮಾಡುತ್ತಿದ್ದ, ಗೊಳ್ಳೆಂದು ನಗುತ್ತಿದ್ದ. ಕೆಳಗೆ ರೇಣುಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅದನ್ನೇ ಕೇಳುತ್ತ ಕೂರುತ್ತಿದ್ದಳು. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಅವಳ ಬೇಸರ ನೋಡಲಾರದೆ ನನ್ನ ಹಳೆಯ ಫೋನನ್ನು ನಾನೇ ಕೊಟ್ಟಿದ್ದೆ. ಅಡುಗೆಯ ವಿಡಿಯೋ ನೋಡಲಿ ಅಂತ ನನ್ನ ಲೆಕ್ಕ. ಮಹಾರಾಯ್ತಿ ಅದರಲ್ಲಿ ಗಂಡನ ಆಟವನ್ನು ಇಳಿಸಿಕೊಂಡಿದ್ದಾಳೆ!

“ಯಾಕವ್ವಾ?” ಅಂತ ಆಮೇಲೆ ಕೇಳಿದೆ.

“ಅವರು ನನ್ನ ಕೂಡ ಮಾತಾಡ್ಲಿ ಅಂತಲ್ರಿ ಅಕ್ಕಾರ. ಮಾತಾಡೋದು ಕೇಳಬೇಕಾಗಿತ್ತು” ಅಂದಳು.

ಕಲಿತದ್ದು ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು, ಅಲ್ಲೇ ಕೂರುತ್ತಿದ್ದಳು. ಎಡ ಹೆಬ್ಬೆರಳಿಂದ ನಡೆಯಬೇಕು, ಬಲ ಹೆಬ್ಬೆರಳಿಂದ ನೋಡಬೇಕು, ಗುರಿ ಇಡಬೇಕು, ಗುಂಡು ಹಾರಿಸಬೇಕು. ಮೊದಮೊದಲು ಬರೀ ಗೋಡೆಗೆ ಮುಖ ಹಚ್ಚಿ ನಿಲ್ಲುತ್ತಿದ್ದಳಂತೆ. ಇಲ್ಲವೇ ಆಕಾಶ ನೋಡುತ್ತಿದ್ದಳಂತೆ. ಫೋನೇ ಆಡಿಸುವ ಬೊಂಬೆಗಳ ಜೊತೆ ಅಭ್ಯಾಸ ಮಾಡಿದಳು. ಗುಂಡಿ ಒತ್ತಿ ಹಿಡಿದರೆ ಬಂದೂಕಿನ ಮೂತಿ ಮೇಲೇಳುತ್ತದೆ, ಬಿಟ್ಟು ಬಿಟ್ಟು ಒತ್ತಬೇಕು ಅಂತ ತಾನೇ ಕಂಡುಕೊಂಡಳು. ಒಮ್ಮೆ ಸತ್ತರೆ ಆ ಸುತ್ತು ಮುಗಿಯುವವರೆಗೆ ಏಳುವಂತಿಲ್ಲ, ಬದುಕಿರುವ ಜೊತೆಗಾರರ ಆಟ ನೋಡುತ್ತ ಬಿದ್ದಿರಬೇಕು. ಹಾಗೆ ಬಿದ್ದುಕೊಂಡೇ ಅವಳು ಅರ್ಧ ಆಟ ಕಲಿತಳು.

ಬೊಂಬೆಗಳು ಸಾಕಾಗಿ ನಿಜವಾದ ಮಂದಿಯ ಆಟಕ್ಕೆ ಇಳಿದ ದಿನ ಅವಳು ಮಾಡಿದ ಕೆಲಸ ಕೇಳಿ ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಗುರುತಿಲ್ಲದ ನಾಲ್ಕು ಗಂಡಸರ ಜೊತೆ ಆಟ ಶುರುವಾಯಿತು. ನಾಲ್ಕು ಮಂದಿ ಇದ್ದಲ್ಲಿಗೆ ಹೋದಾಗ ಮಾತಾಡಿಸದೆ ಇರುವುದು ಹೇಗೆ? ಮೈಕು ತೆರೆದು, “ಎಲ್ಲಾರಿಗೂ ನಮಸ್ಕಾರ್ರಿ” ಅಂದಳಂತೆ. ಆ ಕಡೆಯಿಂದ ನಗು. ಆಮೇಲೆ ಹಿಂದಿಯಲ್ಲಿ ಏನೇನೋ ಅಂದರು. ಭಾಷೆ ತಿಳಿಯದಿದ್ದರೂ ಹೊಲಸು ಮಾತು ಹೊಲಸು ಅಂತ ತಿಳಿಯುತ್ತದಲ್ಲ. ಅವತ್ತು ಮುಚ್ಚಿದ ಮೈಕನ್ನು ಅವಳು ಬಹಳ ದಿನ ತೆರೆಯಲಿಲ್ಲ.

ಆದರೆ ಕಿವಿ ಇತ್ತು. ಈ ಆಟದಲ್ಲಿ ಓಡಿದರೆ ಹೆಜ್ಜೆ ಸಪ್ಪಳ ಎದುರಾಳಿಗೆ ಕೇಳುತ್ತದೆ, ಮೆಲ್ಲಗೆ ನಡೆದರೆ ಕೇಳುವುದಿಲ್ಲ. ಗಂಡ ಮೆಟ್ಟಿಲು ಇಳಿಯುವ ಸಪ್ಪಳದಲ್ಲೇ ಅವನ ಮನಸ್ಸು ಹೇಗಿದೆ ಅಂತ ಅಳೆಯುತ್ತ ವರ್ಷಗಳನ್ನು ಕಳೆದವಳಿಗೆ ಅದನ್ನು ಯಾರು ಕಲಿಸಬೇಕು? ಮೂಲೆ ಹಿಡಿದು ಉಸಿರು ಬಿಗಿಹಿಡಿದು ಕೂತು, ಸಪ್ಪಳ ಹತ್ತಿರ ಬಂದಾಗ ಹೊಡೆಯುವುದರಲ್ಲಿ ಅವಳು ಪಳಗಿದಳು.

ಅಷ್ಟರಲ್ಲಿ ಮಾಂತೇಶನ ತಂಡದ ಒಬ್ಬ ಗೋವಾಕ್ಕೆ ದುಡಿಯಲು ಹೋದ. ಐದನೆಯವನ ಜಾಗ ಖಾಲಿಯಾಯಿತು. ಆಟದಲ್ಲಿ ಗಂಡನ ಹೆಸರು “ಹಿಟ್ನಾಳ ಹುಲಿ” ಅಂತ ರೇಣುಕಾಗೆ ಗೊತ್ತಿತ್ತು. ಮನೆಯಲ್ಲಿ ಹೆಂಡತಿಯ ಮುಖ ನೋಡಲು ಹೆದರುವ ಹುಲಿ! ಇವಳು “ಕಾಗಿ” ಅಂತ ಹೆಸರಿಟ್ಟುಕೊಂಡಿದ್ದಳು. ಹುಲಿಗೆ ಕಾಗೆ ಗೆಳೆತನದ ಕೋರಿಕೆ ಕಳಿಸಿತು. ಎರಡು ಆಟ ನೋಡಿ ಅವರು ಒಪ್ಪಿಕೊಂಡರು. ಕಾಗೆ ಮಾತಾಡುವುದಿಲ್ಲ, ನಕಾಶೆಯ ಮೇಲೆ ಗುರುತು ಹಾಕಿ ಎದುರಾಳಿ ಎಲ್ಲಿದ್ದಾನೆಂದು ತೋರಿಸುತ್ತದೆ ಅಷ್ಟೇ. ಪಾಪ, ಯಾವನೋ ಮೂಗ ಇರಬೇಕು ಅಂದುಕೊಂಡರು. ಗೋವಿಂದರಾಜ “ಮೂಗ” ಅಂದ. ನನ್ನ ತಮ್ಮ “ಹಂಗ ಅನಬ್ಯಾಡಲೇ” ಅಂತ ಬೈದು “ಮೂಗಣ್ಣ” ಅಂದ.

ಹೀಗೆ ಗಂಡ ಮಾಳಿಗೆಯ ಮೇಲೆ, ಹೆಂಡತಿ ಹಿತ್ತಲ ಕಲ್ಲಿನ ಮೇಲೆ. ಅವಳು ಕೆಳಗೆ ಧಾರಾವಾಹಿ ನೋಡುತ್ತಿದ್ದಾಳೆ ಅಂತ ಅವನ ನಂಬಿಕೆ.

“ಶಾಬಾಸ್ ಮೂಗಣ್ಣ! ನೀ ಇಲ್ಲಂದ್ರ ಇವತ್ತು ನಮ್ಮ ಕತಿ ಮುಗೀತಿತ್ತು” ಅನ್ನುತ್ತಿದ್ದನಂತೆ. ಆ ಮಾತನ್ನು ನನ್ನ ಮುಂದೆ ಹೇಳುವಾಗ ರೇಣುಕಾಳ ಮುಖ ಅರಳಿತು. ಮದುವೆಯ ವರ್ಷದಲ್ಲಿ ಅವಳು ಮಾಡಿದ ಸಾರನ್ನು ಅವನು ಹೀಗೆ ಹೊಗಳುತ್ತಿದ್ದ.

ಉಳಿದವರು ಆಟ ಮುಗಿಸಿ ಹೋದ ಮೇಲೂ ಮಾಂತೇಶ ಹೋಗುತ್ತಿರಲಿಲ್ಲ. ಕೆಳಗಿಳಿದರೆ ಮನೆ ಇದೆಯಲ್ಲ, ಆ ಭಯ. “ಮೂಗಣ್ಣ, ಅದಿಯೇನು?” ಅಂತ ಕೇಳುತ್ತಿದ್ದ. ಇವಳು ಪರದೆಯ ಮೇಲೆ ಎತ್ತಿದ ಹೆಬ್ಬೆರಳಿನ ಗುರುತು ಒತ್ತುತ್ತಿದ್ದಳು. ಅವನು ಮಾತಾಡುತ್ತಿದ್ದ. ಮೊದಲು ಕಾರ್ಖಾನೆಯ ಮಾತು, ಬಿಸಿಲಿನ ಮಾತು. ತಿರುಗಿ ಕೇಳದವನ ಮುಂದೆ ಬಾಯಿ ಬಿಡುವುದು ಸುಲಭ. ಒಂದು ದಿನ ಅವನು ಕೂಸಿನ ಮಾತು ತೆಗೆದ.

“ನಂಗೊಂದು ಹೆಣ್ಣು ಕೂಸು ಆಗಿತ್ತು ಮೂಗಣ್ಣ. ಉಸಿರಿರಲಿಲ್ಲ. ತಲಿ ತುಂಬ ಕೂದಲಿತ್ತು ನೋಡು, ಕರ್ರಗ.”

ರೇಣುಕಾ ಕಲ್ಲಿನ ಮೇಲೆ ಕೂತಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳಂತೆ. ಮೈಕು ಮುಚ್ಚಿದೆ ಅಂತ ಗೊತ್ತಿದ್ದರೂ ಬಿಕ್ಕಿದರೆ ಕೇಳೀತು ಅಂತ ಭಯ. ಮರುದಿನ ಅವನು ಹಣೆಯ ಮಾತು ಹೇಳಿದ, ಅಗಲವಾಗಿತ್ತಂತೆ. ಇನ್ನೊಂದು ದಿನ ಬೆರಳುಗಳ ಮಾತು. ಉಗುರು ಅಷ್ಟಷ್ಟೇ ಮೂಡಿದ್ದವಂತೆ. ದಿನಕ್ಕೊಂದಿಷ್ಟು, ಅದೂ ಮನಸ್ಸು ಬಂದ ದಿನ ಮಾತ್ರ. ರೇಣುಕಾ ಅದನ್ನೆಲ್ಲ ಒಟ್ಟುಗೂಡಿಸುತ್ತ ಹೋದಳು. ತಾನು ಹೊತ್ತ ಕೂಸಿನ ಮುಖ ಅವಳಿಗೆ ಸಿಗುತ್ತಿದ್ದದ್ದು ಹೀಗೆ, ಅದೂ ಗಂಡಸಿನ ವೇಷದಲ್ಲಿ, ಮೂಗನಾಗಿ. ಮಾತಾಡಿದರೆ ಅದು ನಿಂತುಹೋಗುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಕಣ್ಣು ಮುಚ್ಚಿತ್ತು ಮೂಗಣ್ಣ. ಆದ್ರ ಬಾಯಿ ಐತಲ್ಲ, ಬಾಯಿ…” ಅಂತ ಅವನು ಒಂದು ದಿನ ಶುರು ಮಾಡಿದ. ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು ಬಂತು, ಯಾರೋ ರಜೆ ಹಾಕಿದ್ದಾರೆ, ಇನ್ನೊಂದು ಪಾಳಿ ಬಾ ಅಂತ. “ನಾಳಿ ಹೇಳ್ತೀನಿ” ಅಂದು ಎದ್ದ. ಅವಳು ಓಡಿ ಹೋಗಿ ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟು ಬುತ್ತಿ ಕಟ್ಟಿದಳು. ಬುತ್ತಿ ಕೊಡುವಾಗ ಅವನ ಮುಖವನ್ನೇ ನೋಡಿದಳಂತೆ. ಅವನು ಬುತ್ತಿ ಇಸಿದುಕೊಂಡು ಹೋದ.

ಮರುದಿನ ಆಟ ಬಿಗಿಯಾಗಿತ್ತು. ಇವರ ಕಡೆ ಮೂವರು ಸತ್ತಿದ್ದರು. ಉಳಿದವರು ಮಾಂತೇಶ ಮತ್ತು ಕಾಗೆ. ಎದುರು ಒಬ್ಬನೇ. ಮಾಂತೇಶ ಬಾಂಬಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಚ್ಚುತ್ತಿದ್ದ. ಕಾಗೆ ಬಾಗಿಲು ಕಾಯುತ್ತಿತ್ತು. ಆ ಒಬ್ಬ ಪಕ್ಕದ ಕಿಟಕಿಯಿಂದ ಬಂದು ಕಾಗೆಯನ್ನು ಹೊಡೆದು ಮಾಂತೇಶನ ಕಡೆ ನಡೆದ. ಸಿಡಿಗುಂಡಿನ ಹೊಗೆ, ಗದ್ದಲದಲ್ಲಿ ಇವನಿಗೆ ಅದು ತಿಳಿಯಲಿಲ್ಲ. ಸತ್ತವರಿಗೆ ನಕಾಶೆಯ ಮೇಲೆ ಗುರುತು ಹಾಕಲು ಬರುವುದಿಲ್ಲ. ಸತ್ತವರಿಗೆ ಉಳಿಯುವುದು ದನಿ ಒಂದೇ.

“ರೀ! ಹಿಂದ ಅದಾನ್ರಿ, ಹಿಂದ ನೋಡ್ರಿ!”

ಆಟವಷ್ಟೇ ಅಲ್ಲವೇನೇ, ಸತ್ತರೆ ಸಾಯಲಿ, ಮುಂದಿನ ಸುತ್ತಿಗೆ ಏಳುತ್ತಿದ್ದ ಅಂತ ಆಮೇಲೆ ಇದನ್ನು ಕೇಳಿದಾಗ ನಾನು ಬೈದೆ. “ಗೊತ್ತಿತ್ರಿ ಅಕ್ಕಾರ” ಅಂದಳು. “ಆದ್ರ ಅವರ ಬೆನ್ನ ಹಿಂದ ಒಬ್ಬಾವ ಬಂದೂಕು ಹಿಡಕೊಂಡು ಬರಾಕತ್ತಿದ್ದ. ಕೈ ತಾನ ಮೈಕಿಗೆ ಹೋತು.”

ಮಾಂತೇಶ ತಿರುಗಿ ಹೊಡೆದ. ಆಟ ಗೆದ್ದರು. ಉಮರಸಾಬ, “ಅರೇ, ಮೂಗ ಹೆಣ್ಣಮಗಳೇನೋ? ಯಾರವಾ ನೀನು?” ಅಂತ ಕೂಗಿದ. ಗಂಡನ ಹೆಸರು ಹಿಡಿದು ಕರೆದಿದ್ದರೆ ಯಾವಳೋ ಆಟಗಾರ್ತಿ ಅಂದುಕೊಳ್ಳುತ್ತಿದ್ದರೇನೋ. ಆದರೆ ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಜೀವ ಹೋದರೂ ಹೇಳುವುದಿಲ್ಲ. ಅಲ್ಲದೆ ಆ ದನಿ ಅವನಿಗೆ ಗುರುತಿಲ್ಲದ್ದೇ? ಮೆಟ್ಟಿಲ ಮೇಲೆ ಅವನ ಹೆಜ್ಜೆ ಸಪ್ಪಳ ಕೇಳಿತು. ಆ ಸಪ್ಪಳದಲ್ಲಿ ಏನಿದೆ ಅಂತ ಅವಳಿಗೆ ಮೊದಲ ಸಲ ತಿಳಿಯಲಿಲ್ಲ.

ಹಿತ್ತಲ ಬಾಗಿಲಲ್ಲಿ ನಿಂತು ಅವಳ ಕೈಯಲ್ಲಿದ್ದ ಫೋನು ನೋಡಿದ.

“ಎಲ್ಲಾ ಕೇಳೀಯೇನು?” ಅಂದ.

ಅವಳು ಹೂಂ ಅಂತ ತಲೆಯಾಡಿಸಿದಳು. ಬಾಯಿ ಹೆಂಗಿತ್ರಿ ಅಂತ ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿದ್ದ.

ಇದನ್ನೆಲ್ಲ ರೇಣುಕಾ ನನ್ನ ಪಡಸಾಲೆಯಲ್ಲಿ ಕೂತು ಹೇಳಿದ್ದು ಅದಾದ ವಾರಕ್ಕೆ. ನಾನು ಸುಮ್ಮನಿರುವವಳಲ್ಲ. ನೆಟ್ಟಗೆ ಹೋಗಿ ಮಾಳಿಗೆ ಹತ್ತಿದೆ. “ಲೇ ಮಾಂತ್ಯಾ, ಯಾವನೋ ಗುರುತಿಲ್ಲದ ಮೂಗನ ಮುಂದ ಹೇಳಾಕ ಬರತೈತಿ, ಹಡದಾಕಿ ಮುಂದ ಹೇಳಾಕ ನಿಂಗೇನು ಧಾಡಿ?” ಅಂದೆ.

ಅವನು ಕೈಯಲ್ಲಿದ್ದ ಫೋನನ್ನು ಬೋರಲು ಇಟ್ಟ. ಆಮೇಲೆ ಹೇಳಿದ. “ಅಕ್ಕ, ಅದು ಥೇಟ್ ಅಕಿ ಹಂಗ ಇತ್ತು. ಅಕಿ ಮಾರಿ ನೋಡಿದ್ರ ಅದ ಮಾರಿ ಕಾಣತೈತಿ. ಹೆಂಗ ಹೇಳ್ಲಿ?”

ನನ್ನ ದೊಡ್ಡ ದನಿ ಅವತ್ತು ಉಪಯೋಗಕ್ಕೆ ಬರಲಿಲ್ಲ. ಕೆಳಗಿಳಿದು ಬಂದು ರೇಣುಕಾಗೆ ಹೇಳಿದೆ, ನಿನ್ನಂಗ ಇತ್ತಂತ ತಂಗಿ, ಥೇಟ್ ನಿನ್ನಂಗ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. “ನೀವು ಹೇಳಿದ್ರಿ ಅಕ್ಕಾರ. ಅವರು ಹೇಳಲಿಲ್ಲಲ್ರಿ” ಅಂದಳು.

ಮಾಂತೇಶ ಆಟ ಬಿಟ್ಟಿಲ್ಲ. ವಿಚಿತ್ರವೆಂದರೆ ಕಾಗೆಯನ್ನೂ ಬಿಟ್ಟಿಲ್ಲ. ದಿನಾ ಮಧ್ಯಾಹ್ನ ಮಾಳಿಗೆ ಹತ್ತಿ ಅದನ್ನು ಕರೆಯುತ್ತಾನೆ. ಅದು ಹಿತ್ತಲ ಕಲ್ಲಿನ ಮೇಲಿಂದ ಬರುತ್ತದೆ. ಆದರೆ ಆ ದಿನದಿಂದ ಅವನ ಮೈಕೂ ಮುಚ್ಚಿದೆ. ಉಮರಸಾಬ, ಗೋವಿಂದರಾಜ ಕೂಗಾಡುತ್ತಾರೆ, ಇವರಿಬ್ಬರೂ ಬರೀ ಗುರುತು ಹಾಕುತ್ತಾರೆ. ಉಳಿದವರು ಹೋದ ಮೇಲೂ ಹುಲಿ ಮತ್ತು ಕಾಗೆ ಪರದೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತವಂತೆ.

ಮೊನ್ನೆ ಮೊಸರು ಕೇಳಲು ಹೋದಾಗ ಹಿತ್ತಲಲ್ಲಿ ಅವಳು ಹಾಗೇ ಕೂತಿದ್ದಳು. ಪರದೆ ಆರಿಹೋಗಿತ್ತು. ಕಿವಿಯಲ್ಲಿ ಇಯರ್‌ಫೋನ್ ಇತ್ತು.

“ಆಟ ಮುಗದೈತಲ್ಲ, ಅದನ್ನ ಯಾಕ ಕಿವ್ಯಾಗ ತುರಕ್ಕೊಂಡು ಕುಂತೀ? ತಗಿ” ಅಂದೆ.

“ತಗಿಯೂದು ಹೆಂಗ್ರಿ ಅಕ್ಕಾರ” ಅಂದಳು. “ಅವರು ಬಾಯಿ ಬಿಟ್ಟ ಹೊತ್ನ್ಯಾಗ ನನ್ನ ಕಿವ್ಯಾಗ ಇದು ಇರಲಿಲ್ಲಂದ್ರ?”