ಊಟಕ್ಕೆ ಮುಂಚಿನ ಒಂದು ತಾಸು

ಅವರ ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಉಳಿದರ್ಧವನ್ನು ಗಿರಣಿಯ ಯಂತ್ರವೊಂದು ತಿಂದುಹಾಕಿತ್ತು. ಆ ಮೊಂಡು ಬೆರಳನ್ನು ಪುಟ್ಟ ಗಾಜಿನ ಲೋಟದ ತಳಕ್ಕೆ ಆನಿಸಿ, ಹೆಬ್ಬೆರಳಿನಿಂದ ಅಂಚು ಹಿಡಿದು ಅವರು ಲೋಟ ಮುಂದೆ ಚಾಚುತ್ತಿದ್ದರು. ತೆಗೆದುಕೊಳ್ಳುವವರಿಗೆ ಮೊದಲು ಕಾಣುತ್ತಿದ್ದದ್ದು ಶರಬತ್ತಲ್ಲ, ಬೆರಳು. ಹೊಸಬರು ಮುಜುಗರಪಟ್ಟು ಕಣ್ಣು ಹೊರಳಿಸಿದರೆ, "ಹೆದರಬ್ಯಾಡ್ರಿ, ಉಳದದ್ದು ಈ ಲೋಟದಾಗ ಇಲ್ಲ," ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ರಾಮದುರ್ಗಕ್ಕೆ ಹೈಸ್ಕೂಲು ಮಾಸ್ತರನಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಮುಂದಿನ ಕೋಣೆ. ಓಣಿಯವರೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ಅವರ ಹೆಂಡತಿಯನ್ನು ಕಾಕು. ವಾರ ಕಳೆಯುವುದರೊಳಗೆ ನನಗೂ ಅವರು ಕಾಕಾ ಆದರು. ಪಾಂಡಿಚೇರಿಯ ಬಟ್ಟೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿ ಆಯುಷ್ಯ ಕಳೆದು, ನಿವೃತ್ತರಾಗಿ ಹುಟ್ಟಿದೂರಿಗೆ ಮರಳಿದ್ದರು. ಮಕ್ಕಳಾಗಿರಲಿಲ್ಲ. ಅಷ್ಟು ದೂರದಿಂದ ಅವರು ತಂದದ್ದು ಹಳೆಯ ಪತ್ರಿಕೆಗಳಲ್ಲಿ ಸುತ್ತಿದ ಒಂದು ಡಜನ್ ಪುಟ್ಟ ಲೋಟಗಳನ್ನು ಮತ್ತು ಒಂದು ರೂಢಿಯನ್ನು.

ರೂಢಿ ಪಾಂಡಿಚೇರಿಯಲ್ಲಿ ಅವರಿದ್ದ ಮನೆಯ ಮಾಲಕಿಯದು. ಫ್ರೆಂಚ್ ಮುದುಕಿ. ಸಂಜೆ ಊಟಕ್ಕೆ ಮುಂಚೆ ಅಕ್ಕಪಕ್ಕದವರನ್ನು ಕರೆಯುತ್ತಿದ್ದಳಂತೆ. ಒಂದಿಷ್ಟು ಕುಡಿಯುವುದು, ಬಾಯಾಡಿಸಲು ಏನಾದರೂ, ಒಂದು ತಾಸು ಹರಟೆ. ಆಮೇಲೆ ಎಲ್ಲರೂ ತಂತಮ್ಮ ಮನೆಗೆ ಹೋಗಿ ಉಣ್ಣುವುದು. ಅದಕ್ಕೆ ಅವಳು ಅಪೆರೊ ಅನ್ನುತ್ತಿದ್ದಳು. ಅವಳ ಲೋಟದಲ್ಲಿ ದ್ರಾಕ್ಷಿಯ ಮದ್ಯ, ಕಾಕಾನ ಲೋಟದಲ್ಲಿ ನಿಂಬೆ ನೀರು. "ಕೊರಳಾಗ ಲಿಂಗ ಐತಿ ಅಂದೆ. ಆತು ಅಂದ್ಲು. ಮತ್ತ ಯಾವತ್ತೂ ಒತ್ತಾಯ ಮಾಡ್ಲಿಲ್ಲ. ಅದನ್ನ ನೋಡ್ರಿ ಮಾಸ್ತರ, ನನಗ ಅಲ್ಲಿ ಸೇರಿದ್ದು. ಒತ್ತಾಯ ಇಲ್ಲ."

ರಾಮದುರ್ಗದಲ್ಲಿ ಒತ್ತಾಯವಿಲ್ಲದೆ ಯಾರು ಯಾರಿಗೆ ಉಣಿಸುತ್ತಾರೆ? ನಮ್ಮ ಕಡೆ ಮನೆಗೆ ಕರೆಯುವುದೆಂದರೆ ಊಟಕ್ಕೆ ಕರೆಯುವುದು. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬೀಳಬೇಕು. ಎಷ್ಟು ರೊಟ್ಟಿ ಉಂಡಿರಿ ಎಂದು ಮನೆಯೊಡತಿ ಕಣ್ಣಲ್ಲೇ ಲೆಕ್ಕವಿಡಬೇಕು. ಹೀಗಿರುವಾಗ ಕಾಕಾ ಒಂದು ದಿನ ಓಣಿಯ ನಾಲ್ಕು ಮನೆಗೆ ಹೋಗಿ, "ನಾಳಿ ಸಂಜಿ ಏಳಕ್ಕ ಬರ್ರಿ," ಎಂದು ಹೇಳಿಬಂದರು. ಜನ ಬಂದರು. ಪುಟ್ಟ ಲೋಟಗಳಲ್ಲಿ ಕೆಂಪಗೆ ಕೋಕಂ ಶರಬತ್ತು. ತಟ್ಟೆಯಲ್ಲಿ ಕಟಕ ರೊಟ್ಟಿಯನ್ನು ಎರಡು ಬೆರಳಗಲ ಮುರಿದು, ಬೆಣ್ಣೆ ಸವರಿ, ಮೇಲೆ ಗುರೆಳ್ಳು ಚಟ್ನಿ, ಅದರ ಮೇಲೊಂದು ತೆಳ್ಳನೆ ಸೌತೆಕಾಯಿ. ಹುರಿದ ಶೇಂಗಾ, ಚುಮ್ಮರಿ. ಎಲ್ಲರೂ ತಿಂದರು, ಹೊಗಳಿದರು, ಎಲೆ ಹಾಕುವುದನ್ನು ಕಾಯುತ್ತ ಕೂತರು. ಎಂಟಕ್ಕೆ ಕಾಕಾ ಎದ್ದು ನಿಂತು, "ಆತ್ರೆಪಾ, ಇನ್ನ ನಿಮ್ಮ ನಿಮ್ಮ ಮನಿಗಿ ಹೋಗಿ ಬಿಸಿ ಬಿಸಿ ಉಣ್ರಿ," ಎಂದರು.

ಕಿರಾಣಿ ಅಂಗಡಿಯ ಸಾವಕಾರರ ಹೆಂಡತಿ ಆ ದಿನ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ಒಂದು ವಾರ ಓಣಿ ಕಾಕಾನೊಂದಿಗೆ ಮಾತು ಬಿಟ್ಟಿತು. ಜೊತೆಗೆ ಲೋಟದ ಕೆಂಪು ಬಣ್ಣದ ಸುದ್ದಿಯೂ ಹಬ್ಬಿ, ಮಠಕ್ಕೆ ನಡೆದುಕೊಳ್ಳುವ ಹಿರಿಯರೊಬ್ಬರು ಪರೀಕ್ಷೆಗೆಂದೇ ಬಂದು, ಮೂಸಿ ನೋಡಿ, ಎರಡು ಲೋಟ ಕುಡಿದು ಹೋದರು. ಮರುದಿನವೂ ಬಂದರು. ಅಲ್ಲಿಗೆ ಓಣಿ ಸೋತಿತು. ಆಮೇಲೆ ವಾರಕ್ಕೆ ಮೂರು ನಾಲ್ಕು ಸಂಜೆ ಆ ಪಡಸಾಲೆಯಲ್ಲಿ ಎಂಟು ಹತ್ತು ಜನ ತಪ್ಪುತ್ತಿರಲಿಲ್ಲ. ಅಪೆರೊ ಎಂಬ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. 'ಕಾಕಾನ ಮನ್ಯಾಗ ಕುಂದರೂದು' ಎಂದೇ ಎಲ್ಲರೂ ಹೇಳುತ್ತಿದ್ದರು. ಹೆಂಗಸರಿಗಂತೂ ಅದು ಹಿತವಾಗಿತ್ತು. ಮನೆಗೆ ಜನ ಬಂದಾಗಲೂ ಮನೆಯೊಡತಿ ಅಡುಗೆಮನೆಯಲ್ಲಿ ಬೇಯದೆ ಕುರ್ಚಿ ಹಾಕಿಕೊಂಡು ಕೂತದ್ದನ್ನು ಅವರು ಅಲ್ಲೇ ಮೊದಲು ನೋಡಿದ್ದು.

"ಹಸದಾಗ ಮನಶ್ಯಾ ಚೊಲೊ ಮಾತಾಡ್ತಾನ, ಮಾಸ್ತರ. ಉಂಡಮ್ಯಾಲ ಬರೇ ತೇಗತಾನ," ಎಂದು ಕಾಕಾ ಹೇಳುತ್ತಿದ್ದರು. ನಿಜವಿರಬೇಕು. ಪಾಠ ಹೇಳುವುದು ಹೇಗೆಂದು ನಾನು ಕಲಿತದ್ದು ಟ್ರೇನಿಂಗ್ ಕಾಲೇಜಿನಲ್ಲಲ್ಲ, ಆ ಪಡಸಾಲೆಯಲ್ಲಿ. ಯಾರೂ ಬಾಯಿ ಬಿಡದ ಸಂಜೆ ಅವರು ಸುಮ್ಮನೆ ಒಂದು ಪ್ರಶ್ನೆ ಎಸೆಯುತ್ತಿದ್ದರು. ಹತ್ತಿಯಿಂದ ನೂಲು ಹೇಗೆ ಬರುತ್ತದೆ, ನವಿಲುತೀರ್ಥದ ಅಣೆಕಟ್ಟಿನ ನೀರು ಎಲ್ಲಿಗೆ ಹೋಗುತ್ತದೆ. ಉತ್ತರ ಗೊತ್ತಿದ್ದರೂ ತಾವು ಹೇಳುತ್ತಿರಲಿಲ್ಲ. ಮಾತು ಬಾರದವನಂತೆ ಊರಿಗೆ ಬಂದಿದ್ದ ನಾನು ಅಲ್ಲಿ ಮಾತು ಕಲಿತೆ. ಆ ಮಾತೇ ಮುಂದೆ ಅವರಿಗೆ ಮುಳುವಾಯಿತು.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅವರ ಗಂಟಲಿಗೆ ತುತ್ತು ಸಿಕ್ಕಿಬೀಳತೊಡಗಿತು. ಮೊದಲು ರೊಟ್ಟಿ, ಆಮೇಲೆ ಅನ್ನ. ಇಂಗ್ಲಿಷ್ ಓದಲು ಬರುವವನೆಂದು ನನ್ನನ್ನು ಜೊತೆ ಮಾಡಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದರು. ಅನ್ನನಾಳದಲ್ಲಿ ಗಡ್ಡೆ, ಕತ್ತರಿಸುವ ಹಂತ ದಾಟಿದೆ, ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕಾಕಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬರುವಾಗ ಬಸ್ಸು ಬದಲಿಸಲು ಸವದತ್ತಿಯ ನಿಲ್ದಾಣದಲ್ಲಿ ಕೂತಿದ್ದೆವು. ಅಲ್ಲಿ ಅವರೇ ಮಾತು ತೆಗೆದರು.

"ಮುರಗೋಡದಾಗ ನಮ್ಮಣ್ಣಗ ಇದ ರೋಗ ಬಂದಿತ್ತು. ಸುದ್ದಿ ಹಬ್ಬಿದ ದಿನದಿಂದ ಮಂದಿ ನೋಡಾಕ ಬರಾಕ ಹತ್ರು. ಬ್ರೆಡ್ಡು, ಬಾಳಿಹಣ್ಣು ತರೂದು, ಗ್ವಾಡಿಗಿ ಹತ್ತಿ ಕುಂಡ್ರೂದು, ಮಾರಿ ನೋಡೂದು, ಹೋಗೂದು. ಅಂವಗ ಉಗುಳು ಇಳೀತಿದ್ದಿಲ್ಲ, ತೆಲಿದಿಂಬಿನ ಕಡೆ ಬ್ರೆಡ್ಡಿನ ಪುಡಿಕಿ. ಮೂರ ತಿಂಗಳ, ಬದುಕಿದ್ದಾಗನ ಅವನ ಹೆಣಾ ನೋಡಿ ಹ್ವಾದ್ರು." ಅವರು ನನ್ನ ಮೊಣಕೈ ಹಿಡಿದರು. "ನಿಮ್ಮ ಕಾಕುಗ ಗೊತ್ತಿರ್ಲಿ, ನಿಮಗ ಗೊತ್ತಿರ್ಲಿ. ಮೂರನೇದವ್ರಿಗಿ ಬ್ಯಾಡ. ಮಾತ ಕೊಡ್ರಿ."

ಕೊಟ್ಟೆ.

ಅದಾದ ಮೇಲೆ ಕೂಟ ನಿಲ್ಲಲಿಲ್ಲ, ದಿನಾಲೂ ನಡೆಯತೊಡಗಿತು. ಯಾಕೆಂದು ನನಗೆ ತಿಳಿಯಲು ಕೆಲವು ಸಂಜೆ ಬೇಕಾದವು. ಊಟದ ಪಂಕ್ತಿಯಲ್ಲಿ ಉಣ್ಣದವನು ಒಂದು ನಿಮಿಷವೂ ಬಚ್ಚಿಟ್ಟುಕೊಳ್ಳಲಾರ. ಇಲ್ಲಿ ಹಾಗಲ್ಲ. ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಯಾರು ಏನು ತಿಂದರೆಂದು ಯಾರೂ ನೋಡುವುದಿಲ್ಲ, ಮನೆಯ ಯಜಮಾನ ಕೈಯಲ್ಲಿ ಲೋಟ ಹಿಡಿದು ಓಡಾಡಿದರೆ ಸಾಕು. ಕಾಕಾನ ಲೋಟ ಏಳಕ್ಕೆ ಎಷ್ಟು ತುಂಬಿರುತ್ತಿತ್ತೋ ಎಂಟಕ್ಕೂ ಅಷ್ಟೇ. ದನಿ ಕುಗ್ಗಿದ್ದಕ್ಕೆ ಥಂಡಿ ಎಂದರು, ಅಂಗಿ ಜೋಲುತ್ತಿದ್ದುದಕ್ಕೆ ಸಕ್ಕರೆ ರೋಗದ ಪಥ್ಯ ಎಂದರು. ಓಣಿ ನಂಬಿತು. ಕಾಕು ಒಳಗೆ ಹೋಗಿ ಕಣ್ಣೊರೆಸಿಕೊಂಡು, ಚಟ್ನಿಯ ಬಟ್ಟಲು ತುಂಬಿಕೊಂಡು ಬರುತ್ತಿದ್ದರು. ದಿನದಲ್ಲಿ ಆ ಒಂದು ತಾಸು ಮಾತ್ರ ಅವರು ರೋಗಿಯಾಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಸಾವಕಾರರ ಮಗಳ ಮದುವೆ ಬಂತು. ಕಾಕಾ ಹೋದರು, ಅಕ್ಕಿಕಾಳು ಹಾಕಿದರು, ಊಟಕ್ಕೆ ಕೂಡದೆ ಹಿಂದಿನ ಬಾಗಿಲಿನಿಂದ ಹೊರಟುಬಂದರು. ಮದುವೆ ಮನೆಯಿಂದ ಉಣ್ಣದೆ ಹೋಗುವುದೆಂದರೆ ನಮ್ಮಲ್ಲಿ ಮುಖಕ್ಕೆ ಹೊಡೆದಂತೆ. ಎರಡು ದಿನ ಬಿಟ್ಟು ನಾನು ಬೆಲ್ಲ ತರಲು ಅಂಗಡಿಗೆ ಹೋದಾಗ ಸಾವಕಾರರು ನಾಲ್ಕು ಗಿರಾಕಿಗಳ ಎದುರಿಗೇ ಕುದಿಯುತ್ತಿದ್ದರು. "ಭಾಳ ಫ್ರಾನ್ಸಿನಂವ ಆಗ್ಯಾನ. ಅವನ ಮನ್ಯಾಗ ನಮಗ ಊಟಿಲ್ಲ, ನಮ್ಮ ಮನಿ ಊಟ ಅವಗ ಬ್ಯಾಡ. ಇನ್ನ ಆ ಹೊಸ್ತಲಾ ನಾನಂತೂ ತುಳಿಯೂದಿಲ್ಲ. ಓಣಿಯವ್ರೂ ತುಳೀಲಾರದ್ಹಂಗ ಮಾಡ್ತೇನಿ."

ನಾನು ಸುಮ್ಮನೆ ಬರಬಹುದಿತ್ತು. ಗಿರಾಕಿಗಳು ಹೋಗುವವರೆಗೆ ಕಾದು ನಿಂತೆ. ಆಮೇಲೆ ಹೇಳಿಬಿಟ್ಟೆ. ಕಾಕಾನ ಮಾನ ಉಳಿಸಲು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಇಡೀ ಓಣಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬ ಹಮ್ಮೂ ನಾಲಿಗೆಯ ಮೇಲಿತ್ತು. ಸಾವಕಾರರು ಕೆಟ್ಟವರಲ್ಲ. ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು ಅತ್ತರು. "ಯಾರ ಮುಂದೂ ಆಡಬ್ಯಾಡ್ರಿ," ಎಂದೆ. "ಏ, ನಾ ಯಾಕ ಆಡ್ಲಿ ಮಾಸ್ತರ," ಎಂದರು. ಬೆಲ್ಲ ಕೊಳ್ಳುವುದನ್ನೂ ಮರೆತು ಅಂಗಡಿಯ ಮೆಟ್ಟಿಲು ಇಳಿದೆ. ನಾನೂ ಹೀಗೆಯೇ ಮಾತು ಕೊಟ್ಟಿದ್ದೆನಲ್ಲ.

ಮರುದಿನ ಸಂಜೆ ಏಳಕ್ಕೆ ಇನ್ನೂ ಅರ್ಧ ತಾಸಿರುವಾಗಲೇ ಪಡಸಾಲೆ ತುಂಬಿತು. ಎಂದೂ ಬಾರದವರೂ ಬಂದಿದ್ದರು. ಕುರ್ಚಿಗಳು ಖಾಲಿ ಇದ್ದವು. ಜನ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಸಾಲಾಗಿ ಕೂತಿದ್ದರು. ಗಂಡಸರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು, ಹೆಂಗಸರ ಸೆರಗು ಬಾಯಿಗೆ ಬಂದಿತ್ತು. ಮೇಜಿನ ಮೇಲೆ ಲೋಟಗಳಿಡುವ ಜಾಗದಲ್ಲಿ ಬ್ರೆಡ್ಡಿನ ಪೊಟ್ಟಣಗಳು, ಬಾಳೆಹಣ್ಣು, ಎಳನೀರು.

ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ತಟ್ಟೆ ಹಿಡಿದು ಒಳಗಿನಿಂದ ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಏನೂ ಆಗದವರಂತೆ ಮೊದಲನೆಯವರ ಮುಂದೆ ತಟ್ಟೆ ಹಿಡಿದರು.

"ತಗೋರಿ."

"ಬ್ಯಾಡ್ರಿ ಕಾಕಾ. ಈಗ ಚಾ ಕುಡದ ಬಂದೇವ್ರಿ."

ಪಕ್ಕದವರೂ ಬೇಡವೆಂದರು. ಅವರ ಪಕ್ಕದವರೂ. ಸಾವು ಹೊಂಚು ಹಾಕಿದ ಮನೆಯಲ್ಲಿ ಬಾಯಿ ಆಡಿಸುವುದು ನಮ್ಮವರಿಗೆ ಮರ್ಯಾದೆಯಲ್ಲ. ಅವರು ತಿಳಿದಂತೆ ಅವರು ಗೌರವವನ್ನೇ ಕೊಡುತ್ತಿದ್ದರು. ಕಾಕಾ ಒಬ್ಬರನ್ನೂ ಬಿಡದೆ ಇಡೀ ಸಾಲಿನ ಮುಂದೆ ತಟ್ಟೆ ಹಿಡಿದು ಹೋದರು. ಸಾವಕಾರರ ಮುಂದೆ ಬಂದಾಗ ಅವರು ಗೊಳೋ ಎಂದು ಅತ್ತು, "ಕಾಕಾ, ನಾ ನಿಮಗ ಏನೇನೋ ಅಂದ್ನಿರಿ," ಎಂದು ಕಾಲು ಮುಟ್ಟಲು ಬಗ್ಗಿದರು. ಕೊನೆಯಲ್ಲಿ ನಾನು ನಿಂತಿದ್ದೆ. ನನ್ನ ಕೈಯೂ ತಟ್ಟೆಗೆ ಹೋಗಲಿಲ್ಲ. ಎಲ್ಲರೂ ನೋಡುತ್ತಿದ್ದರಲ್ಲ. ಕಾಕಾ ತಟ್ಟೆಯನ್ನು ಬ್ರೆಡ್ಡಿನ ಪಕ್ಕದಲ್ಲಿಟ್ಟು ಒಳಗೆ ಹೋಗಿ ಮಲಗಿಕೊಂಡರು. ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ಮುಖ ನೋಡಿಬಂದರು.

ಮರುದಿನದಿಂದ ಕಾಕು ಕೂಟಕ್ಕೆ ಅಣಿ ಮಾಡಲಿಲ್ಲ. ಏಳಕ್ಕೆ ನಾನು ಹೋಗಿ ಬಾಗಿಲಲ್ಲಿ ನಿಂತೆ. ಮಂಚದ ಮೇಲಿಂದಲೇ ಕಾಕಾ ಕೇಳಿದರು, "ನೋಡಾಕ ಬಂದೀರೋ, ಕುಂದರಾಕ ಬಂದೀರೋ?"

"ಕುಂದರಾಕ," ಎಂದೆ. ಕುರ್ಚಿ ತೋರಿಸಿದರು.

ಆಮೇಲೆ ಹದಿನೆಂಟು ಸಂಜೆ ಕೂತೆ. ನೋಡುವವರು ಹಗಲೆಲ್ಲ ಬರುತ್ತಿದ್ದರು. ಕಿತ್ತೂರು, ಬೈಲಹೊಂಗಲದ ಬೀಗರೂ ಬಂದು ಹೋದರು. ಕಾಕಾ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಎದ್ದು ನಡೆಯುವ ಕಸುವು ಅವರಲ್ಲಿ ಇನ್ನೂ ಇತ್ತು, ಅದನ್ನು ನಾನು ಕಂಡಿದ್ದೇನೆ. ಏಳಲು ಕಾರಣ ಉಳಿದಿರಲಿಲ್ಲ. ಡಾಕ್ಟರು ಹೇಳಿದ್ದಕ್ಕಿಂತ ಬೇಗ, ಒಂದು ಬೆಳಗ್ಗೆ ಕಾಕು ಹಾಲು ಕಾಯಿಸುತ್ತಿರುವಾಗ, ತೀರಿಕೊಂಡರು.

ಅದಕ್ಕೆ ಎರಡು ದಿನ ಮೊದಲು ನಾನು ತಪ್ಪು ಒಪ್ಪಿಕೊಂಡೆ. ಹೇಳಲು ಶುರು ಮಾಡುತ್ತಲೇ ಅವರು ಕೈ ಎತ್ತಿ ತಡೆದರು. ದನಿ ಪಿಸುಮಾತಾಗಿತ್ತು, ಬಗ್ಗಿ ಕೇಳಬೇಕಾಯಿತು.

"ಅವತ್ತನ ಗೊತ್ತಾತು ಬಿಡ್ರಿ. ತಟ್ಟಿ ಹಿಡದಾಗ ನಿಮ್ಮ ಮಾರಿ ನೋಡಿದ್ನಿ." ಉಸಿರು ಎಳೆದುಕೊಂಡರು. "ಸಿಟ್ಟಿಲ್ಲ ಮಾಸ್ತರ. ಇನ್ನೊಂದ ತಿಂಗಳ ನಾನೂ ನಿಮ್ಮೊಳಗ ಒಬ್ಬಂವ ಆಗಿರತಿದ್ದೆ. ಅಷ್ಟ."

ಆ ತಿಂಗಳನ್ನು ಅವರಿಂದ ಕಿತ್ತುಕೊಂಡವನು ನಾನು.