ಮಡಿಯಲ್ಲಿದ್ದ ಫಂಕ್ಷನ್ನು

ಹತ್ತು ಜನರ ಊಟಕ್ಕೆ ಎಷ್ಟು ಅಕ್ಕಿ ಬೇಕು ಎಂದು ಕೇಳಿದರೆ ನನ್ನ ಪ್ರೋಗ್ರಾಮು ಐದು ಪಾವು ಎಂದಿತು. ಪರೀಕ್ಷಕರು ಮತ್ತೆ ಅದೇ ಹತ್ತನ್ನು ಕೊಟ್ಟರು. ಈ ಸಲ ಹತ್ತು ಪಾವು ಎಂದಿತು. ಇನ್ನೊಮ್ಮೆ ಕೊಟ್ಟರೆ ಹದಿನೈದು.

"ಜನ ಅಷ್ಟೇ ಇದಾರಲ್ಲಮ್ಮ, ಹಸಿವು ಜಾಸ್ತಿಯಾಯ್ತಾ?" ಎಂದರು.

ಲ್ಯಾಬಿನಲ್ಲಿದ್ದ ಹುಡುಗ ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ತಲೆಯಲ್ಲಿ ಬೆಳ್ಳಿಕೂದಲು ಬಂದ ಮೇಲೆ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಎಂಸಿಎ ಓದಲು ಹೋದ ನಾನು ಅವರಿಗೆಲ್ಲ ಆಂಟಿ. ಆ ದಿನ ಆಂಟಿ ಫೇಲು.

ಉಳಿದದ್ದೆಲ್ಲ ಪಾಸಾಗಿತ್ತು. ಈ ಫಂಕ್ಷನಲ್ ಪ್ರೋಗ್ರಾಮಿಂಗ್ ಎನ್ನುವ ಒಂದೇ ಒಂದು ವಿಷಯ ಕಾಲಿಗೆ ತೊಡರಿಕೊಂಡಿತ್ತು. ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ನನಗಾಗಿ ಕಾದಿತ್ತು, ಡಿಗ್ರಿ ಕೈಗೆ ಬಂದರೆ. ಉಳಿದಿದ್ದದ್ದು ಇನ್ನೊಂದೇ ಅವಕಾಶ. ಅದೂ ಕೈಬಿಟ್ಟರೆ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ. ಆಲ್ಕೊಳದ ಮನೆಗೆ ಬಂದು ಅತ್ತೆಗೆ ಹೇಳಿದೆ.

"ಹೋಗ್ಲಿ ಬಿಡು ಮಾರಾಯ್ತಿ. ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ ಈ ಉಸಾಬರಿ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಫೇಲಾದದ್ದಕ್ಕಿಂತ ಆ "ಹೋಗ್ಲಿ ಬಿಡು" ಹೆಚ್ಚು ಚುಚ್ಚಿತು.

ತಪ್ಪು ಎಲ್ಲಿತ್ತೆಂದು ಈಗ ಹೇಳಬಲ್ಲೆ. ನಾನು ಬೆಳೆದದ್ದು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ. ಅಲ್ಲಿ ಅಡುಗೆಮನೆ ಎಂದರೆ ಇಡೀ ಸಾಲಿಗೆ ಸೇರಿದ್ದು. ಅಮ್ಮ ಸಾರಿಗೆ ಉಪ್ಪು ಹಾಕಿ ಬಟ್ಟೆ ಒಣಗಿಸಲು ಹೋದರೆ, ಪಕ್ಕದ ಮನೆಯ ತಮಿಳು ಮಾಮಿ ಬಂದು ರುಚಿ ನೋಡಿ ಇನ್ನೊಂದು ಚಿಟಿಕೆ ಹಾಕುತ್ತಿದ್ದರು. ಆಮೇಲೆ ನಾನು ನನ್ನ ಪಾಲಿನದನ್ನು ಹಾಕುತ್ತಿದ್ದೆ. ಸಾರು ಯಾಕೆ ಉಪ್ಪಾಯಿತು ಎಂದು ಅಪ್ಪ ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಆ ಬದುಕಿನಷ್ಟು ಚಂದದ ಬದುಕನ್ನು ನಾನು ಮತ್ತೆ ಕಂಡಿಲ್ಲ, ಆ ಮಾತು ಬೇರೆ.

ಪ್ರೋಗ್ರಾಮನ್ನೂ ನಾನು ಹಾಗೆಯೇ ಬರೆದಿದ್ದೆ. ಫಂಕ್ಷನ್ ಎಂದರೆ ಒಂದೊಂದು ಕೆಲಸ ಮಾಡುವ ಒಂದೊಂದು ತುಂಡು. ಅಕ್ಕಿಯ ಮೊತ್ತವನ್ನು ಎಲ್ಲ ಫಂಕ್ಷನ್ನುಗಳ ಕೈಗೂ ಸಿಗುವಂತೆ ಹೊರಗೆ ಇಟ್ಟುಬಿಟ್ಟಿದ್ದೆ. ಬಂದದ್ದೆಲ್ಲ ಅದರೊಳಕ್ಕೆ ಸುರಿಯುತ್ತಿತ್ತು. ಹಿಂದಿನ ಸಲದ ಅಕ್ಕಿ ಅಲ್ಲೇ ಉಳಿದು, ಹೊಸದು ಅದರ ಮೇಲೆ ಬೀಳುತ್ತಿತ್ತು. ಪುಸ್ತಕದಲ್ಲಿ "ಫಂಕ್ಷನ್ ಶುದ್ಧವಾಗಿರಬೇಕು" ಎಂದಿತ್ತು. ಎಷ್ಟು ಸಲ ಓದಿದರೂ ಅದು ತಲೆಗೆ ಇಳಿಯಲಿಲ್ಲ. ಶುದ್ಧ ಎಂದರೆ ಏನು, ತೊಳೆದಿಡಬೇಕೇ?

ಯುಗಾದಿ ಬಂತು. ಅತ್ತೆ ಮಡಿಯುಟ್ಟು ಅಡುಗೆಮನೆ ಹೊಕ್ಕರು. ಮಡಿ ಎಂದರೆ ನನಗೆ ಮೊದಲಿನಿಂದಲೂ ಆಗದು. ಮದುವೆಯಾಗಿ ಬಂದ ದಿನದಿಂದ ನಮ್ಮಿಬ್ಬರಿಗೆ ಅದರ ಮೇಲೇ ಜಗಳ. ಬೆಲ್ಲ ತಂದು ಒಳಗೆ ಕಾಲಿಡಹೋದೆ.

"ಬರ್ಬೇಡ, ಬರ್ಬೇಡ! ಹೊಸ್ತಿಲ ಮೇಲಿಡು!"

ಇಟ್ಟೆ. "ಪಾಯಸದ ಸಿಹಿ ಸರಿಯಾಗಿದ್ಯಾ, ಒಂಚೂರು ನೋಡಿ ಅತ್ತೆ" ಎಂದೆ, ಬೇಕೆಂದೇ.

"ಅಯ್ಯೋ ದೇವ್ರೇ! ನೈವೇದ್ಯಕ್ಕೆ ಮುಂಚೆ ರುಚಿ ನೋಡ್ತಾರೇನೇ? ಅಳತೆ ಅದೇ ಇದ್ರೆ ರುಚೀನೂ ಅದೇ ಇರುತ್ತೆ."

ಅಷ್ಟರಲ್ಲಿ ನನ್ನ ಗಂಡ ಪೇಟೆಯಿಂದ ಬಂದವರು ಹೂವು ಕೊಡುವ ಭರದಲ್ಲಿ ಕೋಸಂಬರಿಯ ಪಾತ್ರೆಯನ್ನು ಮುಟ್ಟಿಬಿಟ್ಟರು. ಅತ್ತೆ ಕೂಗಾಡಲಿಲ್ಲ. ಪಾತ್ರೆಯನ್ನು ಹೊಸ್ತಿಲಾಚೆ ತಳ್ಳಿ, "ಅದನ್ನ ನೀನೇ ತಿನ್ನು. ನಾನು ಬೇರೆ ಮಾಡ್ತೀನಿ" ಎಂದು ಮತ್ತೆ ಸೌತೆಕಾಯಿ ಹೆಚ್ಚಲು ಕೂತರು.

ನಾನು ಬೈಯಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಹೊಸ್ತಿಲಿನಿಂದ ಕೊಟ್ಟದ್ದಷ್ಟೇ ಒಳಗೆ ಹೋಗುತ್ತದೆ. ಮಾಡಿದ್ದಷ್ಟೇ ಹೊರಗೆ ಬರುತ್ತದೆ. ನಡುವೆ ಹೊರಗಿನದೇನನ್ನೂ ಅವರು ಮುಟ್ಟುವುದಿಲ್ಲ, ಹೊರಗಿನವರು ಅವರನ್ನು ಮುಟ್ಟುವುದಿಲ್ಲ. ಅಳತೆ ಒಂದೇ ಆದರೆ ರುಚಿಯೂ ಒಂದೇ. ಕೈತಪ್ಪಿದ್ದನ್ನು ಅಲ್ಲೇ ತಿದ್ದುತ್ತ ಕೂರುವುದಿಲ್ಲ, ಅದನ್ನು ಹಾಗೇ ಬಿಟ್ಟು ಹೊಸದು ಮಾಡುತ್ತಾರೆ. ಅಯ್ಯೋ ಶಿವನೇ, ಪುಸ್ತಕ ಹೇಳಿದ್ದು ಇದನ್ನೇ! ನನ್ನ ಫಂಕ್ಷನ್ನಿಗೆ ಮಡಿ ಉಡಿಸಬೇಕಿತ್ತು, ಅಷ್ಟೇ.

ಹೋಳಿಗೆ ತಿಂದವಳೇ ಕಂಪ್ಯೂಟರ್ ಮುಂದೆ ಕೂತು ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ. ಆಮೇಲೆ ಉಳಿದ ಪಾಠವೂ ಅಡುಗೆಮನೆಯಿಂದಲೇ ಸಲೀಸಾಗಿ ಬಂತು. ಬೇಕಾದದ್ದನ್ನಷ್ಟೇ ಆರಿಸುವುದು ಅಕ್ಕಿಯಿಂದ ಕಲ್ಲು ತೆಗೆದ ಹಾಗೆ. ಎಲ್ಲದಕ್ಕೂ ಒಂದೇ ಕೆಲಸ ಮಾಡುವುದು, ಪ್ರತಿ ಉಂಡೆಯನ್ನೂ ಹೋಳಿಗೆಯಾಗಿ ಲಟ್ಟಿಸಿದ ಹಾಗೆ. ಎಲ್ಲವನ್ನೂ ಕೂಡಿಸಿ ಒಂದು ಮಾಡುವುದು, ಹತ್ತು ತರಕಾರಿ ಸೇರಿ ಒಂದು ಹುಳಿಯಾದ ಹಾಗೆ. ಅತ್ತೆಗೆ ಇದ್ಯಾವುದನ್ನೂ ಹೇಳಲಿಲ್ಲ. ಹೇಳಿದರೆ ಜಗಳದಲ್ಲಿ ನಾನು ಸೋತ ಹಾಗಾಗುತ್ತಿತ್ತು.

ಕೊನೆಯ ಅವಕಾಶದ ಪರೀಕ್ಷೆ ಶ್ರಾವಣ ಶನಿವಾರದ ಬೆಳಿಗ್ಗೆ ಬಂತು. ಅದೇ ಲ್ಯಾಬು, ಅದೇ ಪರೀಕ್ಷಕರು. ಹತ್ತು ಜನ ಎಂದರು. ಐದು ಪಾವು. ಮತ್ತೆ ಹತ್ತು. ಐದು ಪಾವು. ಅವರು ಕೀಲಿ ಒತ್ತುತ್ತಲೇ ಹೋದರು, ನನ್ನ ಐದು ಪಾವು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಮೇಲೆ ಹತ್ತು ಜನರ ಹೆಸರಿನ ಪಟ್ಟಿ ಕೊಟ್ಟು, ಅದರಲ್ಲಿ ಉಪವಾಸದವರನ್ನು ಬಿಟ್ಟು ಲೆಕ್ಕ ಹಾಕಿಸಿ ನೋಡಿದರು.

"ಉಪವಾಸದವರನ್ನ ಬಿಟ್ಟು ಲೆಕ್ಕ ಹಾಕಿದ್ರಲ್ಲ, ಮೊದಲಿನ ಪಟ್ಟಿ ಏನಾಯ್ತು?"

"ಅದು ಹಾಗೇ ಇದೆ ಸಾರ್, ನಾನು ಮುಟ್ಟಿಲ್ಲ. ಇದು ಬೇರೆ ಮಾಡಿದ್ದು. ನನ್ನ ಫಂಕ್ಷನ್ನು ಮಡೀಲಿದೆ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ವಿವರಿಸಿದೆ. ಹೊಸ್ತಿಲು, ಕೋಸಂಬರಿ, ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ಹುಡುಗಿಯರು ತಮ್ಮ ಕೆಲಸ ಬಿಟ್ಟು ಕೇಳುತ್ತಿದ್ದರು. ಈ ಸಲ ಯಾರೂ ನಗಲಿಲ್ಲ.

"ಮಾರ್ಕ್ಸ್ ಹೇಳೋ ಹಾಗಿಲ್ಲಮ್ಮ. ಆದ್ರೆ ಇನ್ನು ನೀವು ಪರೀಕ್ಷೆ ಬರೆಯೋಕೆ ಈ ಲ್ಯಾಬಿಗೆ ಬರೋದು ಬೇಡ" ಎಂದರು.

ಬಸ್ಸಿನುದ್ದಕ್ಕೂ ಕಿಟಕಿಯಾಚೆ ನೋಡುತ್ತ ಒಬ್ಬಳೇ ನಗುತ್ತಿದ್ದೆ. ಗೆದ್ದೆ ಕಣೇ, ಗೆದ್ದೆ! ಆಲ್ಕೊಳ ಸರ್ಕಲ್ಲಿನಲ್ಲಿ ಇಳಿದು ಮನೆಯವರೆಗೆ ಹೆಚ್ಚುಕಡಿಮೆ ಓಡಿದೆ. ಹೊತ್ತು ಮೀರಿದ್ದರೂ ಮನೆಯಲ್ಲಿ ಇನ್ನೂ ನೈವೇದ್ಯವಾಗಿರಲಿಲ್ಲ. "ಬೆಳಿಗ್ಗೆಯಿಂದ ದೇವರ ಮುಂದೆ ಕೂತಿದ್ದ ಅಮ್ಮ ಈಗಷ್ಟೇ ಒಲೆ ಹಚ್ಚಿದ್ರು. ನಿನ್ನ ಪರೀಕ್ಷೆ ಮುಗೀಬೇಕಿತ್ತಂತೆ" ಎಂದರು ನನ್ನ ಗಂಡ.

ಅಡುಗೆಮನೆಯ ಹೊಸ್ತಿಲಿಗೆ ಹೋದೆ. ಅತ್ತೆ ಮಡಿಸೀರೆಯಲ್ಲಿ ಪಾಯಸ ತಿರುವುತ್ತಿದ್ದರು.

"ಅಲ್ಲೇ ನಿಲ್ಲು! ಏನಾಯ್ತು, ಹೇಳು."

"ಪಾಸು ಅತ್ತೆ."

ಸೌಟು ಕೆಳಗಿಟ್ಟರು. ಹೊಸ್ತಿಲು ದಾಟಿ ಬಂದು, ಬಸ್ಸಿನ ಧೂಳು ಮೆತ್ತಿದ್ದ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ಅತ್ತೆ, ಮಡಿ!" ಎಂದೆ. ನನಗೇ ಗಾಬರಿ.

"ಹೋಗ್ಲಿ ಬಿಡು ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಒಲೆಯ ಮೇಲಿನ ಪಾಯಸದ ಪಾತ್ರೆಯನ್ನು ಇಕ್ಕಳದಲ್ಲಿ ಇಳಿಸಿ ತಂದು ನನ್ನ ಮುಂದಿಟ್ಟರು. "ಇದು ನಿಂಗೆ. ನಾನು ಮತ್ತೆ ಮಿಂದು ದೇವ್ರಿಗೆ ಬೇರೆ ಮಾಡ್ತೀನಿ."

ಆ ಮನೆಯಲ್ಲಿ ಮೊದಲ ಬಾರಿಗೆ ದೇವರಿಗಿಂತ ಮುಂಚೆ ನಾನು ಉಂಡೆ. ಸಿಹಿ ಅಳತೆಗೆ ಸರಿಯಾಗಿತ್ತು.